ಪಾಲಮಲೆಯ ಎರಡು ಮಗ್ಗುಲು: ಬೆಟ್ಟದ ಬಡವರ ನಡುವೆ ವೈದ್ಯಸೇವೆ

ನಮ್ಮ ಗಡಿನಾಡಿನ ಚರಿತ್ರೆಯನ್ನು ಬರೆದವರು ಕೋಟೆ ಕಟ್ಟಿದವರಿಗೂ ಕೋಟೆ ಕೆಡವಿದವರಿಗೂ ಸಾಕಷ್ಟು ಪುಟಗಳನ್ನು ಕೊಟ್ಟಿದ್ದಾರೆ. ಬಾರಾಮಹಲು ಹೈದರನ ವಶವಾದುದು, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಕೈತಪ್ಪಿ ಕುಂಪಣಿಯ ಪಾಲಾದುದು, ಅಲೆಗ್ಸಾಂಡರ್ ರೀಡನೂ ಅವನ ಸಹಾಯಕನಾದ ಥಾಮಸ್ ಮನ್ರೋನೂ ಇಲ್ಲಿ ಕಂದಾಯದ ಏರ್ಪಾಡು ಮಾಡಿದುದು, ಇವೆಲ್ಲ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿಗಳು. ಆದರೆ ಅದೇ ನಾಡಿನಲ್ಲಿ ಚಳಿಜ್ವರದಿಂದ ನಡುಗುತ್ತ ಮಲಗಿದ್ದ ಬಡವನ ತಲೆದೆಸೆಯಲ್ಲಿ ಕುಳಿತವರು ಯಾರು? ಹೆರಿಗೆಯ ಬೇನೆ ಮೂರು ದಿನ ಬಿಡದ ಹೆಂಗಸಿಗೆ ನೆರವಾದವರು ಯಾರು? ಊರ ಹೊರಗೆ ತಳ್ಳಿಸಿಕೊಂಡ ಕುಷ್ಠರೋಗಿಯ ಹುಣ್ಣನ್ನು ತೊಳೆದವರು ಯಾರು? ಈ ಪ್ರಶ್ನೆಗಳಿಗೆ ನಮ್ಮ ಪುಸ್ತಕಗಳಲ್ಲಿ ಉತ್ತರ ವಿರಳ. ಆ ಕೊರತೆಯನ್ನು ಕಿಂಚಿತ್ತಾದರೂ ತುಂಬಬೇಕೆಂಬುದೇ ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯವು ಹೊಸದೇನೂ ಅಲ್ಲ. ಅಶೋಕ ಚಕ್ರವರ್ತಿಯ ಎರಡನೆಯ ಬಂಡೆಗಲ್ಲು ಶಾಸನವನ್ನು ಓದಿದವರಿಗೆ ಅದು ತಾನೇ ತಿಳಿಯುತ್ತದೆ. ತನ್ನ ರಾಜ್ಯದಲ್ಲಿ ಮಾತ್ರವೇ ಅಲ್ಲದೆ ಗಡಿಯಾಚೆಯ ಚೋಳರು, ಪಾಂಡ್ಯರು, ಸತಿಯಪುತ್ರರು, ಕೇರಳಪುತ್ರರು ಇವರ ನಾಡುಗಳಲ್ಲಿಯೂ ಮನುಷ್ಯರಿಗೆ ಚಿಕಿತ್ಸೆ, ದನಕರುಗಳಿಗೆ ಚಿಕಿತ್ಸೆ ಎಂಬ ಎರಡು ಬಗೆಯ ಏರ್ಪಾಡು ಮಾಡಿಸಿದುದಾಗಿ ಅವನು ಅಲ್ಲಿ ಹೇಳಿಕೊಂಡಿದ್ದಾನೆ. ಔಷಧಿಯ ಗಿಡಗಳು ಇಲ್ಲದೆಡೆಗೆ ಅವುಗಳನ್ನು ತರಿಸಿ ನೆಡಿಸಿದುದನ್ನೂ ದಾರಿಯುದ್ದಕ್ಕೆ ಬಾವಿ ತೋಡಿಸಿ ಮರ ಬೆಳೆಸಿದುದನ್ನೂ ಹೇಳಿದ್ದಾನೆ. ಸತಿಯಪುತ್ರರೆಂದರೆ ಯಾರೆಂಬ ಬಗ್ಗೆ ವಿದ್ವಾಂಸರಲ್ಲಿ ಬಹುಕಾಲ ವಾದವಿವಾದ ನಡೆದಿತ್ತು. 1981ರಲ್ಲಿ ಜಂಬೈ ಎಂಬಲ್ಲಿ ದೊರೆತ ತಮಿಳು ಬ್ರಾಹ್ಮೀ ಶಾಸನದಲ್ಲಿ ಅದಿಯಮಾನ್ ನೆಡುಮಾನ್ ಅಂಜಿ ಎಂಬ ಅರಸನನ್ನು ಸತಿಯಪುತನೆಂದು ಕರೆದಿರುವುದರಿಂದ, ಸತಿಯಪುತ್ರರೆಂದರೆ ತಗಡೂರಿನ ಅದಿಯಮಾನರೆಂಬ ಅಭಿಪ್ರಾಯವು ಬಲವಾಗಿ ನೆಲೆಗೊಂಡಿತು. ತಗಡೂರೇ ಇಂದಿನ ಧರ್ಮಪುರಿ. ಹೀಗಾಗಿ ಭಾರತದ ಚರಿತ್ರೆಯಲ್ಲಿ ವೈದ್ಯಸೇವೆಯ ಮಾತು ಮೊಟ್ಟಮೊದಲು ಕಲ್ಲಿನ ಮೇಲೆ ಮೂಡಿದಾಗಲೇ ನಮ್ಮ ಸೀಮೆಯ ಹೆಸರೂ ಅದರೊಡನೆ ಮೂಡಿದೆ.

ಆ ಅಂಜಿಯ ವಿಷಯವಾಗಿ ಸಂಗಂ ಸಾಹಿತ್ಯದಲ್ಲಿ ಒಂದು ಪ್ರಸಂಗವಿದೆ. ತಿಂದವರಿಗೆ ದೀರ್ಘಾಯುಷ್ಯವನ್ನು ಕೊಡುವ ಅಪೂರ್ವವಾದ ನೆಲ್ಲಿಕಾಯಿಯೊಂದು ಅವನಿಗೆ ದೊರೆಯಿತು. ಅವನು ಅದನ್ನು ತಾನು ತಿನ್ನದೆ, ಅದರ ಗುಣವನ್ನೂ ಹೇಳದೆ, ಅವ್ವೈಯಾರ್ ಎಂಬ ಕವಯಿತ್ರಿಗೆ ಕೊಟ್ಟನು. ನಮ್ಮ ಜನರಿಗೆ ಈ ಕಥೆ ಬಹಳ ಪ್ರಿಯ. ಕೊಡುವವನ ಔದಾರ್ಯವನ್ನು ಹೊಗಳುವುದರಲ್ಲಿ ತಪ್ಪಿಲ್ಲ. ಆದರೆ ಚರಿತ್ರೆಯ ವಿದ್ಯಾರ್ಥಿಯು ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ. ಕೊಡುವ ಕೈ ಇಲ್ಲವಾದ ಮೇಲೆ ಮುಂದೇನು? ನೆಲ್ಲಿಕಾಯಿ ಒಂದೇ ಆಗಿದ್ದರೆ ಅದು ಒಬ್ಬರ ಬಾಳಿಗೆ ಮುಗಿಯಿತು. ನೆಲ್ಲಿಯ ಗಿಡವನ್ನೇ ನೆಟ್ಟಿದ್ದರೆ ಊರಿಗೆ ಉಳಿಯಿತು. ಈ ಬೆಟ್ಟಗಳಲ್ಲಿ ನಡೆದ ವೈದ್ಯಸೇವೆಯನ್ನು ಇದೇ ಅಳತೆಗೋಲಿನಿಂದ ನೋಡೋಣ.

ಬೆಟ್ಟಗಳ ಸಾಲು

ಪಾಲಮಲೆಯು ಸೇಲಂ ಜಿಲ್ಲೆಯ ಮೇಟ್ಟೂರಿನ ಸಮೀಪದಲ್ಲಿ, ಕೊಳತ್ತೂರು ಸೀಮೆಗೆ ಸೇರಿದ ಬೆಟ್ಟ. ತುದಿಯಲ್ಲಿ ಸಿದ್ಧೇಶ್ವರನ ಗುಡಿ ಇದೆ. ಕೆಳಗೆ 1934ರಲ್ಲಿ ಪೂರ್ಣಗೊಂಡ ಮೇಟ್ಟೂರು ಅಣೆಕಟ್ಟಿನ ನೀರು ಹರಡಿಕೊಂಡಿದೆ. ಇಲ್ಲಿಂದ ವಾಯವ್ಯಕ್ಕೆ ಹೊರಟರೆ ಪಾಲಾರ್ ದಾಟಿ ಮಲೆ ಮಹದೇಶ್ವರನ ಬೆಟ್ಟ. ಅದಕ್ಕೂ ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟ. ಪೂರ್ವಕ್ಕೆ ಹೊರಟರೆ ಸೇಲಂ ಬಯಲನ್ನು ದಾಟಿ ಶೇರ್ವರಾಯನ್ ಬೆಟ್ಟ, ಚಿತ್ತೇರಿ ಬೆಟ್ಟ, ಕಲ್ವರಾಯನ್ ಬೆಟ್ಟ, ಆಗ್ನೇಯಕ್ಕೆ ಕೊಲ್ಲಿಮಲೆ. ಪಶ್ಚಿಮದ ಬೆಟ್ಟಗಳಲ್ಲಿ ಕನ್ನಡಕ್ಕೆ ಹತ್ತಿರವಾದ ನುಡಿಯಾಡುವ ಸೋಲಿಗರು ಇದ್ದಾರೆ. ಪೂರ್ವದ ಬೆಟ್ಟಗಳಲ್ಲಿ ತಮಿಳು ಮಾತನಾಡುವ ಮಲೆಯಾಳಿ ಎಂಬ ಗಿರಿಜನರಿದ್ದಾರೆ. ಈ ಎರಡನೆಯ ಹೆಸರನ್ನು ಕೇಳಿ ಕೇರಳದವರೆಂದು ಭ್ರಮಿಸಬಾರದು. ಮಲೆಯನ್ನು ಆಳಿದವರು, ಮಲೆಯಲ್ಲಿ ಬಾಳಿದವರು ಎಂಬುದಷ್ಟೇ ಅದರ ಭಾವ. ಪಾಲಮಲೆಯು ಈ ಎರಡು ನುಡಿಗಳ, ಎರಡು ಬೆಟ್ಟಸಾಲುಗಳ ನಡುವೆ ನಿಂತಿರುವುದರಿಂದ ಅದರ ಎರಡು ಮಗ್ಗುಲನ್ನೂ ಒಟ್ಟಿಗೆ ನೋಡುವುದು ಉಚಿತವಾಗಿದೆ.

ರಾಜ್ಯದ ಗಡಿಗಳು ಬದಲಾಗಿವೆ. 1956ರವರೆಗೆ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಧರ್ಮಪುರಿಯು 1965ರವರೆಗೆ ಸೇಲಂ ಜಿಲ್ಲೆಯ ಭಾಗವಾಗಿತ್ತು. ಆದರೆ ಬೆಟ್ಟದ ಕಷ್ಟಗಳು ಎರಡು ಮಗ್ಗುಲಲ್ಲಿಯೂ ಒಂದೇ ತೆರನಾದವು. ಅವುಗಳನ್ನು ನಾಲ್ಕಾಗಿ ಹೇಳಬಹುದು. ಮೊದಲನೆಯದು ಮಲೆಜ್ವರ, ಅದರ ಹೆದರಿಕೆಯಿಂದ ಬಯಲಿನವರು ಬೆಟ್ಟದ ಮೇಲೆ ರಾತ್ರಿ ತಂಗುತ್ತಿರಲಿಲ್ಲ. ಎರಡನೆಯದು ನೀರು, ಮೆಟ್ಟಿಲಿಳಿದು ಕಾಲದ್ದಿ ತುಂಬಿಕೊಳ್ಳುವ ಬಾವಿ ಅಥವಾ ಕೊಳ. ಮೂರನೆಯದು ಹೆರಿಗೆ. ನಾಲ್ಕನೆಯದು ದಾರಿ. ರೋಗಿಯನ್ನು ಕಂಬಳಿಯಲ್ಲೋ ಸೀರೆಯಲ್ಲೋ ಡೋಲಿ ಕಟ್ಟಿ, ಗಳುವಿಗೆ ತೂಗಹಾಕಿ, ಇಬ್ಬರು ಮುಂದೆ ಇಬ್ಬರು ಹಿಂದೆ ಹೆಗಲು ಕೊಟ್ಟು ಇಳಿಸಿ ತರುವುದು ಹಳೆಯ ಮಾತೆಂದು ಭಾವಿಸುವಂತಿಲ್ಲ. ಮಹದೇಶ್ವರ ಬೆಟ್ಟದ ಕಾಡೊಳಗಿನ ಊರುಗಳಿಂದ ಹಾಗೆ ಹೊತ್ತು ತಂದ ಸಂಗತಿಗಳು ಇತ್ತೀಚಿನ ವರ್ಷಗಳಲ್ಲಿಯೂ ಪತ್ರಿಕೆಗಳಲ್ಲಿ ಬಂದಿವೆ.

ಕೊಲ್ಲಿಮಲೆಯ ದಂಪತಿಗಳು

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿಯೇ ಲಂಡನ್ ಮಿಷನರಿ ಸಂಘದವರು ಸೇಲಂ ಪಟ್ಟಣಕ್ಕೆ ಬಂದಿದ್ದರು. ಉತ್ತರದಲ್ಲಿ ವೆಲ್ಲೂರಿನಲ್ಲಿ ಐಡಾ ಸ್ಕಡರ್ ಎಂಬ ಮಹಿಳೆಯು 1900ರಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯವನ್ನು ತೆರೆದರು. ಪರಪುರುಷನಾದ ವೈದ್ಯನು ಮುಟ್ಟಕೂಡದೆಂಬ ಕಟ್ಟಳೆಯಿಂದಾಗಿ ಒಂದೇ ರಾತ್ರಿ ಮೂವರು ಗರ್ಭಿಣಿಯರು ಚಿಕಿತ್ಸೆಯಿಲ್ಲದೆ ಸತ್ತುದನ್ನು ಕಂಡು ಅವರು ವೈದ್ಯಶಾಸ್ತ್ರ ಕಲಿಯಲು ಹೋದರೆಂಬುದು ಪ್ರಸಿದ್ಧವಾಗಿದೆ. 1909ರಿಂದ ಅವರು ರಸ್ತೆಯ ಬದಿಯ ಮರದ ನೆರಳಿನಲ್ಲಿ ರೋಗಿಗಳನ್ನು ನೋಡುವ ಪದ್ಧತಿಯನ್ನು ಆರಂಭಿಸಿದರು. 1918ರಲ್ಲಿ ಹೆಂಗಸರಿಗಾಗಿ ವೈದ್ಯಕೀಯ ಶಾಲೆಯನ್ನು ತೆರೆದರು. ಇವೆಲ್ಲವೂ ಮಹತ್ಕಾರ್ಯಗಳೇ. ಆದರೂ ಇವು ಬಂಡಿಯೋ ಮೋಟಾರೋ ಹೋಗಬಲ್ಲ ಬಯಲಿನ ಕಾರ್ಯಗಳು. ಬೆಟ್ಟದ ಮೇಲೆ ಮನೆ ಮಾಡಿಕೊಂಡು ಇದ್ದವರ ಕಥೆ ಬೇರೆ.

ಜೆಸ್ಸಿ ಬ್ರ್ಯಾಂಡ್ ಎಂಬ ಇಂಗ್ಲಿಷ್ ತರುಣರು 1907ರಲ್ಲಿ ಭಾರತಕ್ಕೆ ಬಂದರು. ಅವರು ಪೂರ್ಣ ವೈದ್ಯರಲ್ಲ. ಕಟ್ಟಡದ ಕೆಲಸ ಬಲ್ಲವರು. ಉಷ್ಣದೇಶದ ರೋಗಗಳನ್ನು ಕುರಿತು ಲಂಡನ್ನಿನ ಲಿವಿಂಗ್‌ಸ್ಟನ್ ಕಾಲೇಜಿನಲ್ಲಿ ಒಂದು ವರ್ಷ ಅಭ್ಯಾಸ ಮಾಡಿದ್ದರು. ಎವೆಲಿನ್ ಹ್ಯಾರಿಸ್ ಅವರು ಲಂಡನ್ನಿನ ಅನುಕೂಲವಂತರ ಮನೆಯ ಮಗಳು, ಚಿತ್ರಕಲೆಯನ್ನು ಕಲಿತವರು. 1913ರಲ್ಲಿ ಇವರಿಬ್ಬರಿಗೂ ವಿವಾಹವಾಯಿತು. ಅದೇ ವರ್ಷ ಅವರು ಕೊಲ್ಲಿಮಲೆಯನ್ನು ಹತ್ತಿ ವಳವಂದಿ ಎಂಬಲ್ಲಿ ಮರದ ಮನೆಯಲ್ಲಿ ನೆಲಸಿದರು. ಈಗ ಕೊಲ್ಲಿಮಲೆಗೆ ಎಪ್ಪತ್ತು ತಿರುವುಗಳ ರಸ್ತೆ ಇದೆ; ಆಗ ಇದ್ದುದು ಕಾಲುದಾರಿ ಒಂದೇ.

ಇವರು ಬಂದುದು ಮತಪ್ರಚಾರಕ್ಕಾಗಿ ಎಂಬುದನ್ನು ಮುಚ್ಚಿಡುವುದು ಚರಿತ್ರೆಗೆ ಅಪಚಾರ. ಅವರೂ ಅದನ್ನು ಮುಚ್ಚಿಡಲಿಲ್ಲ. ಬೆಟ್ಟದ ಜನರಾದರೋ ತಮ್ಮ ವಿವೇಕವನ್ನು ಬಿಡಲಿಲ್ಲ. ಮದ್ದನ್ನು ತೆಗೆದುಕೊಂಡರು, ಮತವನ್ನು ಹಾಗೆಯೇ ಬಿಟ್ಟರು. ವರ್ಷಗಳು ಕಳೆದರೂ ಒಬ್ಬರೂ ಮತಾಂತರ ಹೊಂದಲಿಲ್ಲ. ಹಾಗಿದ್ದರೂ ಜೆಸ್ಸಿಯವರು ಕೆಲಸವನ್ನು ನಿಲ್ಲಿಸಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಅವರು ಹಲ್ಲು ಕಿತ್ತರು, ಹುಣ್ಣಿಗೆ ಕಟ್ಟು ಹಾಕಿದರು, ಕ್ವಿನೈನ್ ಕೊಟ್ಟರು, ಶಾಲೆಗಳನ್ನು ತೆರೆದರು, ಮರಗೆಲಸವನ್ನು ಕಲಿಸಿದರು, ಕಿತ್ತಳೆಯ ಗಿಡಗಳನ್ನು ನೆಡಿಸಿದರು. ಹಸಿದವನಿಗೆ ಬರಿಯ ಔಷಧಿಯಿಂದ ಆರೋಗ್ಯ ಬಾರದೆಂಬುದನ್ನು ಅವರು ಬೇಗನೆ ಕಂಡುಕೊಂಡರೆಂದು ಇದರಿಂದ ಊಹಿಸಬಹುದು.

ಬಾವಿಯ ಪಾಠ

ಕೊಲ್ಲಿಮಲೆಯಲ್ಲಿ ಆಗ ಎಲ್ಲೆಡೆ ಕಾಣುತ್ತಿದ್ದ ಒಂದು ರೋಗವೆಂದರೆ ನಾರುಹುಣ್ಣು. ನಮ್ಮ ಹಿರಿಯರಿಗೆ ಇದರ ಪರಿಚಯ ಚೆನ್ನಾಗಿತ್ತು. ಇಂದಿನ ಮಕ್ಕಳಿಗೆ ಹೆಸರೂ ತಿಳಿಯದು. ಈ ರೋಗ ಹರಡುವ ಬಗೆಯನ್ನು ಸ್ವಲ್ಪ ವಿವರಿಸುವುದು ಆವಶ್ಯಕ. ನಾರಿನಂತಹ ಹುಳುವು ರೋಗಿಯ ಕಾಲಿನ ಚರ್ಮದ ಕೆಳಗೆ ಬೆಳೆದು ಬೊಕ್ಕೆಯನ್ನು ಎಬ್ಬಿಸುತ್ತದೆ. ಉರಿ ತಾಳಲಾರದೆ ಅವನು ಬಾವಿಯ ಮೆಟ್ಟಿಲಿಳಿದು ಕಾಲನ್ನು ನೀರಿನಲ್ಲಿ ಇಡುತ್ತಾನೆ. ಆಗ ಹುಳುವು ಅಸಂಖ್ಯ ಮರಿಗಳನ್ನು ನೀರಿಗೆ ಬಿಡುತ್ತದೆ. ನೀರಿನಲ್ಲಿರುವ ಸಣ್ಣ ಕ್ರಿಮಿಗಳು ಆ ಮರಿಗಳನ್ನು ನುಂಗುತ್ತವೆ. ಆ ನೀರನ್ನು ಸೋಸದೆ ಕುಡಿದವನ ಹೊಟ್ಟೆಗೆ ಅವು ಸೇರುತ್ತವೆ. ಸುಮಾರು ಒಂದು ವರ್ಷದ ನಂತರ ಮೂರು ಅಡಿಯವರೆಗೂ ಉದ್ದವಾದ ಹುಳುವು ಅವನ ಕಾಲಿನಲ್ಲಿ ಹೊರಬರುತ್ತದೆ. ಚಿಕಿತ್ಸೆಯೆಂದರೆ ಅದರ ತುದಿಯನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಅಂಗುಲವೋ ಎರಡಂಗುಲವೋ ಮೆಲ್ಲನೆ ಎಳೆಯುವುದು. ಆತುರಪಟ್ಟು ಎಳೆದರೆ ಹುಳು ತುಂಡಾಗಿ ಒಳಗೆ ಕೀವಾಗುತ್ತದೆ; ರೋಗಿಯು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾನೆ.

ಜೆಸ್ಸಿಯವರು ಹೀಗೆ ಹುಳುವನ್ನು ಸುತ್ತಿ ತೆಗೆಯುತ್ತಿದ್ದುದನ್ನು ಅವರ ಮಗನು ಬಾಲ್ಯದಲ್ಲಿ ಕಂಡು ಮುಂದೆ ಬರೆದಿದ್ದಾನೆ. ಆದರೆ ಒಬ್ಬನ ಕಾಲಿನಿಂದ ಹುಳು ತೆಗೆದು ಕಳುಹಿಸಿದರೆ ಅವನು ಅದೇ ಬಾವಿಯ ನೀರನ್ನು ಕುಡಿದು ಮರುವರ್ಷ ಬರುತ್ತಿದ್ದನು. ಆದಕಾರಣ ರೋಗವಿದ್ದುದು ಬಾವಿಯಲ್ಲಿ ಎಂಬುದು ಸ್ಪಷ್ಟವಾಯಿತು. ಸುತ್ತಲೂ ಕಲ್ಲಿನ ಕಟ್ಟೆ ಕಟ್ಟಿ, ಕಾಲಿಡಲು ಆಸ್ಪದವಿಲ್ಲದಂತೆ ಮಾಡಿ, ಹಗ್ಗದಿಂದ ನೀರು ಸೇದುವ ಬಾವಿಗಳನ್ನು ಮಾಡಿದರೆ ರೋಗದ ದಾರಿಯೇ ಮುಚ್ಚಿಹೋಗುತ್ತದೆ. ಬ್ರ್ಯಾಂಡ್ ದಂಪತಿಗಳು ಆ ಕೆಲಸಕ್ಕೆ ಕೈ ಹಾಕಿದರು. ಎವೆಲಿನ್ ಅವರು ವೃದ್ಧಾಪ್ಯದಲ್ಲಿಯೂ ಅದನ್ನೇ ಬೆನ್ನುಹತ್ತಿ ನಡೆದರು. ಮುಂದೆ ಇಡೀ ದೇಶವೇ ಇದೇ ಮಾರ್ಗವನ್ನು ಹಿಡಿಯಿತು. ಈ ರೋಗಕ್ಕೆ ಲಸಿಕೆಯಿಲ್ಲ, ನೇರವಾದ ಮದ್ದೂ ಇಲ್ಲ. ಆದರೂ ನೀರನ್ನು ಬಟ್ಟೆಯಲ್ಲಿ ಸೋಸುವುದರಿಂದ ಮತ್ತು ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸುವುದರಿಂದಲೇ 1996ರಲ್ಲಿ ಕೊನೆಯ ರೋಗಿಯನ್ನು ಕಂಡು, 2000ದಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವೆಂಬ ಮಾನ್ಯತೆಯನ್ನು ಪಡೆಯಿತು. ಅಶೋಕನ ಶಾಸನದಲ್ಲಿ ಚಿಕಿತ್ಸೆಯ ಮಾತಿನ ಜೊತೆಗೇ ಬಾವಿಯ ಮಾತೂ ಬಂದಿರುವುದು ಇಲ್ಲಿ ನೆನಪಾಗುತ್ತದೆ.

ಗಂಜಿ ಮತ್ತು ನಂಬಿಕೆ

1918ರಲ್ಲಿ ಇನ್‌ಫ್ಲುಯೆಂಜಾ ಜ್ವರವು ದೇಶವನ್ನೆಲ್ಲ ವ್ಯಾಪಿಸಿತು. ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರು ಅದಕ್ಕೆ ಬಲಿಯಾದರು. ಕೊಲ್ಲಿಮಲೆಯಲ್ಲಿಯೂ ಮನೆಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಲಗಿದರು. ನೀರು ಕೊಡುವವರೂ ಇಲ್ಲವಾಯಿತು. ಆ ಜ್ವರಕ್ಕೆ ಅಂದು ಔಷಧಿಯಿರಲಿಲ್ಲ. ಬ್ರ್ಯಾಂಡ್ ದಂಪತಿಗಳು ದೊಡ್ಡ ಪಾತ್ರೆಯಲ್ಲಿ ಅಕ್ಕಿಯ ಗಂಜಿ ಕಾಯಿಸಿ, ಹಟ್ಟಿಯಿಂದ ಹಟ್ಟಿಗೆ ಹೋಗಿ ರೋಗಿಗಳ ಬಾಯಿಗೆ ಹಾಕಿದರು. ಅವರನ್ನು ಅದುವರೆಗೆ ಎದುರಿಸುತ್ತ ಬಂದಿದ್ದ ಊರಿನ ಪೂಜಾರಿಯೂ ಜ್ವರದಲ್ಲಿ ಬಿದ್ದನು. ತಾನು ಉಳಿಯುವುದಿಲ್ಲವೆಂದು ತಿಳಿದಾಗ ಅವನು ತನ್ನ ಎಳೆಯ ಹೆಣ್ಣುಕೂಸನ್ನು ಅವರ ಕೈಗೆ ಒಪ್ಪಿಸಿದನು. ಆ ಮಗುವನ್ನು ಅವರು ಸಾಕಿ ಬೆಳೆಸಿದರು. ಬೆಟ್ಟದಲ್ಲಿ ಮತಾಂತರಕ್ಕೆ ಮೊದಲಾದುದೂ ಈ ಘಟನೆಯ ನಂತರವೇ. ಇದನ್ನು ಮತದ ಜಯವೆಂದು ಒಬ್ಬರು ಹೇಳಬಹುದು; ಕಷ್ಟಕಾಲದ ದುರ್ಬಲತೆಯನ್ನು ಬಳಸಿಕೊಂಡುದೆಂದು ಇನ್ನೊಬ್ಬರು ಹೇಳಬಹುದು. ಎರಡೂ ವಾದಗಳಿಗೆ ಅವಕಾಶವಿದೆ. ಆದರೆ ಸಾಯುವ ತಂದೆಯು ತನ್ನ ಕೂಸನ್ನು ಯಾರ ಕೈಗೆ ಕೊಡುತ್ತಾನೆಂಬುದರಲ್ಲಿ ವಾದಕ್ಕೆ ಮೀರಿದ ಒಂದು ಸಾಕ್ಷ್ಯವಿದೆ. ಔಷಧಿ ಇಲ್ಲದಾಗಲೂ ರೋಗಿಯ ಬಳಿ ಇರುವುದು ಸಾಧ್ಯವೆಂಬುದನ್ನು ಅದು ತೋರಿಸುತ್ತದೆ.

1929ರ ಜೂನ್ ತಿಂಗಳಲ್ಲಿ ಜೆಸ್ಸಿಯವರು, ಮೂತ್ರವು ಕಪ್ಪಾಗುವ ಘೋರವಾದ ಮಲೇರಿಯಾದಿಂದ, ತಮ್ಮ 44ನೆಯ ವಯಸ್ಸಿನಲ್ಲಿ ಬೆಟ್ಟದ ಮೇಲೆಯೇ ತೀರಿಕೊಂಡರು. ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂಬುದನ್ನು ರೊನಾಲ್ಡ್ ರಾಸ್ 1897ರಲ್ಲಿಯೇ ಸಿಕಂದರಾಬಾದಿನಲ್ಲಿ ಕಂಡುಹಿಡಿದಿದ್ದನು. ತಿಳಿವಳಿಕೆಯು ಬೆಟ್ಟವನ್ನು ಹತ್ತಲು ಎಷ್ಟು ತಡವಾಗುತ್ತದೆಂಬುದಕ್ಕೆ ಈ ಸಾವೇ ನಿದರ್ಶನ.

ಎವೆಲಿನ್ ಅವರು ಇಂಗ್ಲೆಂಡಿಗೆ ಹೋಗಿ ಮರಳಿ ಬಂದರು. 1947ರಲ್ಲಿ, ಅರವತ್ತೆಂಟನೆಯ ವಯಸ್ಸಿನಲ್ಲಿ, ಸಂಸ್ಥೆಯು ಅವರಿಗೆ ನಿವೃತ್ತಿ ಕೊಟ್ಟಿತು. ಅವರು ಬಯಲಿನಿಂದ ಊರಿಗೆ ಹಡಗು ಹತ್ತುವ ಬದಲು ಮತ್ತೆ ಬೆಟ್ಟವನ್ನೇ ಹತ್ತಿದರು. ಕೊಲ್ಲಿ, ಪಚ್ಚೈ, ಕಲ್ವರಾಯನ್, ಪೆರಿಯ, ಚಿತ್ತೇರಿ ಎಂಬ ಐದು ಮಲೆಗಳನ್ನೂ ಮುಟ್ಟಬೇಕೆಂಬುದು ಗಂಡಹೆಂಡಿರ ಹಳೆಯ ಸಂಕಲ್ಪವಾಗಿತ್ತು. ತಟ್ಟುವಿನ ಮೇಲೆ, ಅದೂ ಆಗದಾಗ ಎರಡು ಬಿದಿರ ಕೋಲುಗಳನ್ನು ಊರಿಕೊಂಡು ಅವರು ಊರಿಂದೂರಿಗೆ ನಡೆದರು. ಬಿದ್ದು ಮೂಳೆ ಮುರಿದುಕೊಂಡರೂ ಬಿಡಲಿಲ್ಲ. ಆ ವರ್ಷಗಳಲ್ಲಿ ಅವರ ಗುಡಿಸಲಿನಲ್ಲಿ ಮುಖ ನೋಡಿಕೊಳ್ಳುವ ಕನ್ನಡಿಯೂ ಇರಲಿಲ್ಲವೆಂದು ಮಗನು ಬರೆದಿದ್ದಾನೆ. 1974ರಲ್ಲಿ ತೊಂಬತ್ತೈದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಕೊಲ್ಲಿಮಲೆಯಲ್ಲಿ ಪತಿಯ ಸಮಾಧಿಯ ಪಕ್ಕದಲ್ಲಿಯೇ ಅವರನ್ನು ಮಣ್ಣು ಮಾಡಿದರು.

ನೋವಿನ ಬೆಲೆ

ಆ ಮಗನೇ ಡಾಕ್ಟರ್ ಪಾಲ್ ಬ್ರ್ಯಾಂಡ್. ಕೊಲ್ಲಿಮಲೆಯ ಹುಡುಗರೊಡನೆ ಮರ ಹತ್ತಿ ಬೆಳೆದ ಅವರು ಲಂಡನ್ನಿನಲ್ಲಿ ಶಸ್ತ್ರವೈದ್ಯರಾಗಿ 1946ರಲ್ಲಿ ವೆಲ್ಲೂರಿಗೆ ಬಂದರು. ಅಲ್ಲಿ ಅವರ ಗಮನವನ್ನು ಸೆಳೆದುದು ಕುಷ್ಠರೋಗಿಗಳ ಕೈಕಾಲುಗಳು. ಕುಷ್ಠದಲ್ಲಿ ಬೆರಳುಗಳು ತಾವಾಗಿ ಕೊಳೆತು ಬೀಳುತ್ತವೆಂದು ಜನರೂ ಬಹುಮಂದಿ ವೈದ್ಯರೂ ನಂಬಿದ್ದ ಕಾಲವದು. ರೋಗಾಣುವು ನರಗಳನ್ನು ಕೆಡಿಸುವುದರಿಂದ ಸ್ಪರ್ಶವೂ ನೋವೂ ಇಲ್ಲವಾಗುತ್ತವೆ. ನೋವಿಲ್ಲದ ಕೈ ಬಿಸಿ ಪಾತ್ರೆಯನ್ನು ಹಿಡಿದರೂ ಬಿಡುವುದಿಲ್ಲ, ನೋವಿಲ್ಲದ ಕಾಲು ಮುಳ್ಳು ಚುಚ್ಚಿದರೂ ನಡೆಯುವುದನ್ನು ನಿಲ್ಲಿಸುವುದಿಲ್ಲ. ಗಾಯದ ಮೇಲೆ ಗಾಯವಾಗಿ ಅಂಗವು ಸವೆದುಹೋಗುತ್ತದೆ ಎಂಬುದನ್ನು ಅವರು ಎಚ್ಚರಿಕೆಯಿಂದ ಪರೀಕ್ಷಿಸಿ ತೋರಿಸಿದರು. ಮುದುಡಿದ ಬೆರಳುಗಳಿಗೆ, ಬಲವುಳ್ಳ ಬೇರೆ ಸ್ನಾಯುವಿನ ಕಂಡರವನ್ನು ತಂದು ಜೋಡಿಸಿ ಮತ್ತೆ ಹಿಡಿತವನ್ನು ಕೊಟ್ಟರು. ಮೆತ್ತನೆಯ ಪಾದರಕ್ಷೆಗಳನ್ನು ಮಾಡಿಸಿದರು. ಕೈ ಸರಿಯಾದವನಿಗೆ ಕಸುಬು ಬೇಕೆಂದು ಮರಗೆಲಸವನ್ನು ಕಲಿಸಿದರು. ಇದು ಕೊಲ್ಲಿಮಲೆಯಲ್ಲಿ ತಂದೆಯಿಂದ ಬಂದ ಪಾಠ. ವೆಲ್ಲೂರಿನ ಬಳಿಯ ಕರಿಗಿರಿಯು 1955ರಿಂದ ಈ ವಿದ್ಯೆಯ ಕೇಂದ್ರವಾಯಿತು. ಈ ಶಸ್ತ್ರಚಿಕಿತ್ಸೆ ಲೋಕದ ಅನೇಕ ದೇಶಗಳಿಗೆ ಹರಡಿತು. ಬೆಟ್ಟದ ಮೇಲೆ ಕಡ್ಡಿಗೆ ಹುಳು ಸುತ್ತಿದ ತಾಳ್ಮೆಯು ಇಲ್ಲಿ ಶಾಸ್ತ್ರವಾಗಿ ಬೆಳೆಯಿತೆನ್ನಬಹುದು.

ಆದರೂ ನಮ್ಮ ಅಳತೆಗೋಲನ್ನು ಮರೆಯಬಾರದು. ಬಾವಿಗಳು ಉಳಿದವು, ಕಲಿತ ಕಸುಬುಗಳು ಉಳಿದವು, ಮಗನ ವಿದ್ಯೆ ಲೋಕಕ್ಕೆ ಉಳಿಯಿತು. ಆದರೆ ಐದು ಮಲೆಗಳನ್ನು ಸುತ್ತಿದ ಅಜ್ಜಿಯು ತೀರಿಕೊಂಡ ಮೇಲೆ ಅವರಂತೆ ತಟ್ಟುವನ್ನೇರಿ ಹೊರಡುವ ಬೆಟ್ಟದ ಹೆಣ್ಣುಮಕ್ಕಳ ತಂಡವೊಂದು ಇರಲಿಲ್ಲ. ಒಬ್ಬರ ಜೀವದ ಮೇಲೆ ನಿಂತ ಸೇವೆಯು ಆ ಜೀವದೊಡನೆ ಕುಗ್ಗುವುದು ಸಹಜ. ಇದು ಅವರ ಮೇಲಿನ ದೂರಲ್ಲ; ಮುಂದಿನವರಿಗೆ ಬಿಟ್ಟುಹೋದ ಪ್ರಶ್ನೆ.

ಪಶ್ಚಿಮದ ಉತ್ತರ

ಆ ಪ್ರಶ್ನೆಗೆ ಒಂದು ಉತ್ತರವು ಪಾಲಮಲೆಯ ಪಶ್ಚಿಮಕ್ಕೆ, ಕನ್ನಡನಾಡಿನ ಬಿಳಿಗಿರಿರಂಗನ ಬೆಟ್ಟದಲ್ಲಿ ದೊರೆಯುತ್ತದೆ. ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ 1973ರಲ್ಲಿ ಪದವಿ ಪಡೆದ ಡಾಕ್ಟರ್ ಎಚ್. ಸುದರ್ಶನ್ ಅವರು 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ದರಿದ್ರನಾರಾಯಣನ ಸೇವೆ ಎಂಬ ವಿವೇಕಾನಂದರ ಮಾತು ಅವರಿಗೆ ಪ್ರೇರಣೆಯಾಗಿತ್ತು. ಸೋಲಿಗರು ಮೊದಮೊದಲು ಹೊರಗಿನವರನ್ನು ಕಂಡು ದೂರ ಸರಿಯುತ್ತಿದ್ದರು. ಅವರಿಗೆ ತಮ್ಮವೇ ಆದ ಗಿಡಮೂಲಿಕೆಗಳ ವೈದ್ಯವಿತ್ತು. ಸುದರ್ಶನ್ ಅವರು ಆ ವೈದ್ಯವನ್ನು ಹಳಿಯಲಿಲ್ಲ; ಅದನ್ನು ಉಳಿಸಿಕೊಂಡೇ ಆಸ್ಪತ್ರೆಯನ್ನು ನಡೆಸಿದರು. ಆಸ್ಪತ್ರೆಯ ಪಕ್ಕದಲ್ಲಿ ಶಾಲೆ ಬಂದಿತು, ಕಸುಬಿನ ತರಬೇತಿ ಬಂದಿತು. ರಕ್ತದ ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ, ಮೈಕೈ ನೋವನ್ನೂ ರಕ್ತಹೀನತೆಯನ್ನೂ ತರುವ ಆನುವಂಶಿಕ ರೋಗವು ಸೋಲಿಗರಲ್ಲಿ ಇರುವುದನ್ನು ಗುರುತಿಸಿ ಚಿಕಿತ್ಸೆ ಮಾಡಿದುದು ಆ ಸಂಸ್ಥೆಯ ಮುಖ್ಯವಾದ ಕಾರ್ಯಗಳಲ್ಲೊಂದು.

ಬೆಟ್ಟದ ಕೆಳಗಿನ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠವು ಆಗ ಬಹಳವಾಗಿತ್ತು. ಸಾವಿರ ಜನರಲ್ಲಿ ಇಪ್ಪತ್ತಕ್ಕೂ ಮಿಕ್ಕಿ ರೋಗಿಗಳಿದ್ದರು. 1986ರಲ್ಲಿ ಅವರು ಕರುಣಾ ಟ್ರಸ್ಟ್ ಎಂಬ ಸಂಸ್ಥೆಯನ್ನು ಇದಕ್ಕಾಗಿ ತೆರೆದರು. ಮೂರು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 1982ರಲ್ಲಿ ವಿಧಿಸಿತ್ತು. ಪಾಲ್ ಬ್ರ್ಯಾಂಡರು ಕೈಗಳನ್ನು ಸರಿಪಡಿಸಿದರೆ, ಈ ಔಷಧಿಗಳು ಕೈಗಳು ಕೆಡುವ ಮೊದಲೇ ರೋಗವನ್ನು ತಡೆದವು. ಆದರೆ ಔಷಧಿಯನ್ನು ಪ್ರತಿ ರೋಗಿಗೂ ತಿಂಗಳು ತಪ್ಪದೆ ಮುಟ್ಟಿಸಬೇಕಲ್ಲವೆ? ಮನೆಮನೆಗೆ ಹೋಗಿ, ಚರ್ಮದ ಮೇಲಿನ ಸ್ಪರ್ಶವಿಲ್ಲದ ಮಚ್ಚೆಯನ್ನು ಗುರುತಿಸಿ, ನಾಚುವವರನ್ನು ಒಲಿಸಿ ತರುವ ಕಾರ್ಯಕರ್ತರಿಂದ ಅದು ಸಾಧ್ಯವಾಯಿತು. ಸುಮಾರು ಎರಡು ದಶಕಗಳಲ್ಲಿ ಅಲ್ಲಿ ರೋಗವು ಸಾವಿರಕ್ಕೆ ಒಂದಕ್ಕಿಂತ ಕಡಮೆಯಾಯಿತು. 1994ರಲ್ಲಿ ಸುದರ್ಶನ್ ಅವರಿಗೂ ಕೇಂದ್ರಕ್ಕೂ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಟ್ರಸ್ಟು ನಡೆಸಲು ವಹಿಸಿಕೊಂಡಿತು. ಸ್ವಯಂಸೇವಕರ ಶ್ರದ್ಧೆಯೂ ಸರ್ಕಾರದ ಹಣವೂ ಒಂದೇ ಬಾಗಿಲಿನಲ್ಲಿ ಸೇರಿದುದು ಇದರ ವಿಶೇಷ.

ಪೂರ್ವದ ಉತ್ತರ

ಈಗ ಪೂರ್ವಕ್ಕೆ ಮರಳೋಣ. ಎವೆಲಿನ್ ಬ್ರ್ಯಾಂಡರ ಐದು ಮಲೆಗಳಲ್ಲಿ ಚಿತ್ತೇರಿಯೂ ಕಲ್ವರಾಯನೂ ಸೇರಿದ್ದುವಷ್ಟೆ. ಆ ಎರಡು ಬೆಟ್ಟಗಳ ನಡುವಿನ ಕಣಿವೆಯೇ ಧರ್ಮಪುರಿ ಜಿಲ್ಲೆಯ ಸಿತ್ತಿಲಿಂಗಿ. ಅಲ್ಲಿ ಮಲೆಯಾಳಿ ಗಿರಿಜನರೂ ಒಂದೆರಡು ತಾಂಡಾಗಳಲ್ಲಿ ಲಂಬಾಣಿಗರೂ ವಾಸಿಸುತ್ತಾರೆ. ಡಾಕ್ಟರ್ ರೆಜಿ ಜಾರ್ಜ್ ಮತ್ತು ಡಾಕ್ಟರ್ ಲಲಿತಾ ರೆಜಿ ಎಂಬ ಕೇರಳದ ವೈದ್ಯದಂಪತಿಗಳು ಗಾಂಧಿಗ್ರಾಮದಲ್ಲಿ ಕೆಲಸ ಮಾಡಿ, 1993ರಲ್ಲಿ ಈ ಕಣಿವೆಯಲ್ಲಿ ಸೇವೆಯನ್ನು ಆರಂಭಿಸಿದರು. ಊರಿನವರೇ ಮಣ್ಣು, ಹುಲ್ಲುಗಳಿಂದ ಕಟ್ಟಿಕೊಟ್ಟ ಗುಡಿಸಲು ಅವರ ಮೊದಲ ಆಸ್ಪತ್ರೆ. ಅಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 147ರಷ್ಟು ವರ್ಷ ತು೦ಬುವ ಮೊದಲೇ ಸಾಯುತ್ತಿದ್ದ ಕಾಲವದು. ಅತಿಸಾರ, ಶ್ವಾಸಕೋಶದ ಜ್ವರ, ಅಶುಚಿಯಾದ ಹೆರಿಗೆ ಇವೇ ಕಾರಣಗಳು. ಒಂದಕ್ಕೂ ದೊಡ್ಡ ಯಂತ್ರಗಳು ಬೇಕಾಗಿರಲಿಲ್ಲ.

ಪಟ್ಟಣದಿಂದ ದಾದಿಯರು ಬರಲೊಪ್ಪಲಿಲ್ಲ. ಇದು ಕೊರತೆಯಂತೆ ಕಂಡರೂ ಅದರಿಂದಲೇ ಒಳ್ಳೆಯದಾಯಿತು. ಕಣಿವೆಯ ಹೆಣ್ಣುಮಕ್ಕಳನ್ನೇ ಆರಿಸಿ, ಅವರ ನುಡಿಯಲ್ಲಿಯೇ ಪಾಠ ಹೇಳಿ, ದಾದಿಯರ ಕೆಲಸವನ್ನು ಕಲಿಸಲಾಯಿತು. ಪ್ರತಿ ಹಳ್ಳಿಯಿಂದ ಒಬ್ಬೊಬ್ಬ ಹೆಂಗಸನ್ನು ಆರೋಗ್ಯದ ತಿಳಿವಳಿಕೆ ಹೇಳಲು ಸಿದ್ಧಗೊಳಿಸಲಾಯಿತು; ಅವರಲ್ಲಿ ಅನೇಕರು ಶಾಲೆಗೆ ಹೋದವರಲ್ಲ. ಬಸುರಿಯನ್ನು ತಿಂಗಳಿಗೊಮ್ಮೆ ನೋಡುವುದು, ಕೂಸನ್ನು ತೂಗುವುದು, ಭೇದಿಯಾದ ಮಗುವಿಗೆ ಉಪ್ಪುಸಕ್ಕರೆಯ ನೀರು ಕುಡಿಸುವುದು, ಅಪಾಯದ ಲಕ್ಷಣವನ್ನು ಕಂಡೊಡನೆ ಆಸ್ಪತ್ರೆಗೆ ಕಳುಹಿಸುವುದು, ಇವು ಅವರ ಕೈಗೆ ಬಂದುವು. ಶಿಶುಮರಣವು ಕ್ರಮೇಣ ಇಳಿದು ಸಾವಿರಕ್ಕೆ 20ರ ಆಸುಪಾಸಿಗೆ ಬಂದಿತು. ಮುಂದೆ ರೈತರು ಸಾವಯವ ಬೇಸಾಯದ ಸಂಘವನ್ನು ಕಟ್ಟಿದರು. ಲಂಬಾಣಿ ಹೆಂಗಸರು ಮರೆತುಹೋಗುತ್ತಿದ್ದ ತಮ್ಮ ಕಸೂತಿಯನ್ನು ಮತ್ತೆ ಎತ್ತಿಕೊಂಡು ಪೊರ್ಗೈ ಎಂಬ ಹೆಸರಿನಲ್ಲಿ ಸಂಪಾದನೆಯ ಮಾರ್ಗವನ್ನು ಮಾಡಿಕೊಂಡರು. ರೋಗದ ಮೂಲವು ಹೊಲದಲ್ಲಿಯೂ ಸಾಲದಲ್ಲಿಯೂ ಇದೆಯೆಂಬ ಅರಿವೇ ಇದಕ್ಕೆ ಕಾರಣ.

ಎರಡು ಉತ್ತರಗಳನ್ನೂ ಹೋಲಿಸಿದರೆ ಒಂದೇ ತತ್ವವು ಕಾಣುತ್ತದೆ. ಮತವನ್ನು ಹಿಡಿದು ಬಂದವರಿರಲಿ, ವಿವೇಕಾನಂದರ ಅಥವಾ ಗಾಂಧಿಯವರ ಮಾರ್ಗದಿಂದ ಬಂದವರಿರಲಿ, ಸೇವೆಯು ಬೇರು ಬಿಟ್ಟುದು ಬೆಟ್ಟದವರೇ ಬೆಟ್ಟದವರಿಗೆ ವೈದ್ಯಸಹಾಯಕರಾದಾಗ.

ನಮ್ಮ ಸೂಲಗಿತ್ತಿಯರು ಮತ್ತು ನಮ್ಮ ಕರ್ತವ್ಯ

ಹಾಗೆಂದು ಹೊರಗಿನವರು ಬರುವ ಮೊದಲು ಇಲ್ಲಿ ಸೇವೆಯೇ ಇರಲಿಲ್ಲವೆಂದು ಹೇಳಿದರೆ ಅದು ದೊಡ್ಡ ಅನ್ಯಾಯವಾಗುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬವನೊಬ್ಬನಿದ್ದನು. ವೈದ್ಯವೇ ಅವನ ಕಾಯಕವಾಗಿತ್ತು. ಇನ್ನೊಂದು ಗಡಿಯ ತಾಲ್ಲೂಕಾದ ಪಾವಗಡದ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ತಮ್ಮ ಅಜ್ಜಿಯಿಂದ ಕಲಿತ ವಿದ್ಯೆಯಿಂದ, ಆಸ್ಪತ್ರೆ ಇಲ್ಲದ ಕಾಲದಲ್ಲಿ, ಹಣವನ್ನು ಬಯಸದೆ ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರಂತಹ ಅನೇಕರು ನಮ್ಮ ಬೆಟ್ಟಗಳಲ್ಲಿಯೂ ಆಗಿಹೋಗಿದ್ದಾರೆ. ಅವರ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ. ಬ್ರ್ಯಾಂಡ್ ದಂಪತಿಗಳ ಕಥೆ ನಮಗೆ ತಿಳಿದಿರುವುದು ಅವರು ಪತ್ರ ಬರೆದುದರಿಂದ, ಮಗನು ಪುಸ್ತಕ ಬರೆದುದರಿಂದ. ಓದು ಬರಹ ಬಾರದ ಸೂಲಗಿತ್ತಿಯು ತನ್ನ ಚರಿತ್ರೆಯನ್ನು ಹೆತ್ತ ಹೆಂಗಸರ ನೆನಪಿನಲ್ಲಿ ಮಾತ್ರ ಬಿಟ್ಟುಹೋಗುತ್ತಾಳೆ. ಆ ನೆನಪು ಎರಡು ತಲೆಮಾರಿಗೆ ಅಳಿಸಿಹೋಗುತ್ತದೆ.

ಈ ಸಂಚಿಕೆಯನ್ನು ಓದುವ ಅಧ್ಯಾಪಕ ಬಂಧುಗಳಲ್ಲಿ ಇಲ್ಲಿ ಒಂದು ಬಿನ್ನಹವಿದೆ. ತಾವು ಕೆಲಸ ಮಾಡುವ ಊರಿನಲ್ಲಿ ಸೂಲಗಿತ್ತಿಯರು ಯಾರು ಯಾರಿದ್ದರು, ನಾಟಿ ವೈದ್ಯರು ಯಾವ ರೋಗಕ್ಕೆ ಯಾವ ಬೇರನ್ನು ಕೊಡುತ್ತಿದ್ದರು, ಕುಡಿಯುವ ನೀರಿನ ಬಾವಿಗೆ ಕಟ್ಟೆ ಕಟ್ಟಿದುದು ಯಾವಾಗ, ಮೊದಲು ಆಸ್ಪತ್ರೆಗೆ ಹೋಗಿ ಹೆತ್ತ ತಾಯಿ ಯಾರು, ಅಲ್ಲಿಗೆ ಹೋದ ದಾರಿ ಯಾವುದು, ಇಷ್ಟನ್ನು ಮಕ್ಕಳ ಕೈಯಿಂದ ಮನೆಯ ಹಿರಿಯರನ್ನು ಕೇಳಿಸಿ ಬರೆಸಿ ಇಡುವುದು ಕಷ್ಟವಲ್ಲ. ಐದು ವರ್ಷ ಹೀಗೆ ಕೂಡಿಸಿದರೆ ಗಡಿನಾಡಿನ ಜನಾರೋಗ್ಯದ ಚರಿತ್ರೆಗೆ ಬೇಕಾದ ಸಾಮಗ್ರಿ ಒಂದು ಕಪಾಟು ತುಂಬುತ್ತದೆ.

ಇನ್ನೊಂದು ಮಾತು ಭಾಷೆಗೆ ಸಂಬಂಧಿಸಿದುದು. ಹೊಟ್ಟೆಯೊಳಗಿನ ಸಂಕಟವನ್ನು ಪರಭಾಷೆಯಲ್ಲಿ ಹೇಳುವುದು ಎಂತಹವನಿಗೂ ಕಷ್ಟ. ಹಿಂಡುವ ನೋವು, ಚುಚ್ಚುವ ನೋವು, ಸೆಳೆಯುವ ನೋವು, ಉರಿಯುವ ನೋವು ಎಂಬ ಭೇದಗಳನ್ನು ತಾಯಿನುಡಿಯಲ್ಲಿಯೇ ಸರಿಯಾಗಿ ಹೇಳಬಹುದು. ವೈದ್ಯನ ನಿದಾನವೂ ಅದನ್ನೇ ಅವಲಂಬಿಸಿರುತ್ತದೆ. ಎವೆಲಿನ್ ಅವರು ತಮಿಳನ್ನು ಕಲಿತರು. ಸಿತ್ತಿಲಿಂಗಿಯಲ್ಲಿ ಕಣಿವೆಯ ಹೆಣ್ಣುಮಕ್ಕಳೇ ದಾದಿಯರಾದುದರಿಂದ ರೋಗಿಗೂ ವೈದ್ಯರಿಗೂ ನಡುವೆ ಸೇತುವೆಯಾಯಿತು. ನಮ್ಮ ಕನ್ನಡ ಮಕ್ಕಳಲ್ಲಿ, ಗಡಿಯ ಎರಡು ನುಡಿಗಳನ್ನೂ ಬಲ್ಲ ಹುಡುಗಿಯರಲ್ಲಿ, ದಾದಿಯರೂ ವೈದ್ಯರೂ ಆಗಬಲ್ಲವರು ಅನೇಕರಿದ್ದಾರೆ. ಅವರಿಗೆ ಆ ದಾರಿಯನ್ನು ತೋರಿಸುವುದು ಯಾವ ಸರ್ಕಾರದ ಆಜ್ಞೆಗೂ ಕಾಯಬೇಕಾಗಿಲ್ಲದ ಕೆಲಸ.

ಹೊರಗಿನಿಂದ ಬಂದು ನಮ್ಮ ಬೆಟ್ಟಗಳಲ್ಲಿ ಬೆವರು ಸುರಿಸಿದವರಿಗೆ ನಾವು ಕೃತಜ್ಞರಾಗಿರಬೇಕು. ಆ ಋಣವು ಹಾರದಿಂದಲೂ ಭಾಷಣದಿಂದಲೂ ತೀರುವಂತಹದಲ್ಲ. ಪಾಲಮಲೆಯ ತಪ್ಪಲಿನ ಶಾಲೆಯಲ್ಲಿ ಇಂದು ಅಕ್ಷರ ತಿದ್ದುವ ಹುಡುಗಿಯೊಬ್ಬಳು ನಾಳೆ ಅದೇ ಬೆಟ್ಟದ ಹೆರಿಗೆಯ ಕೋಣೆಯಲ್ಲಿ ದೀಪ ಹಿಡಿದು ನಿಂತ ದಿನ ಆ ಋಣದ ಮೊದಲ ಕಂತು ಸಂದಾಯವಾಗುತ್ತದೆ.